ದೀರ್ಘಕಾಲದ ಪಾದನೋವು: ಕಾರಣ ಖಚಿತವಾಗದಿರುವಾಗ ಅನುಸರಿಸಬೇಕಾದ ಕ್ರಮಗಳು

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳು ದಕ್ಷಿಣ ಕನ್ನಡ ಜಿಲ್ಲೆಯ ಒಳನಾಡಿನ ಭಾಗಗಳಾಗಿದ್ದು, ಇಲ್ಲಿನ ದುಡಿಮೆಯು ಬಹುಮಟ್ಟಿಗೆ ಕಾಲಿನ ಬಲವನ್ನು ಅವಲಂಬಿಸಿದೆ. ಅಡಿಕೆ ತೋಟದ ಕೆಲಸ, ತಳೆ ಹಾಕಿ ಮರವೇರುವುದು, ರಬ್ಬರ್ ಹಾಲು ಇಳಿಸುವುದು, ಗೇರುಬೀಜದ ಕಾರ್ಖಾನೆಗಳಲ್ಲಿ ದಿನವಿಡೀ ದುಡಿಯುವುದು, ಗುಡ್ಡದ ಮೇಲಿನ ಮನೆಯಿಂದ ಬಸ್ಸಿನ ರಸ್ತೆಯವರೆಗೆ ನಡೆಯುವುದು ಇವೆಲ್ಲವೂ ಪಾದದ ಮೇಲೆ ಭಾರ ಹಾಕುವ ಕೆಲಸಗಳು. ಬೀಡಿ ಕಟ್ಟುವ ಮಹಿಳೆಯರು ನಡೆಯುವುದು ಕಡಿಮೆಯಾದರೂ, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕಾಲು ಮಡಚಿ ಕುಳಿತಿರುತ್ತಾರೆ. ಯಕ್ಷಗಾನ ಮೇಳಗಳ ಕಲಾವಿದರು ತಿರುಗಾಟದ ಆರಂಭದಿಂದ ಪತ್ತನಾಜೆಯವರೆಗೆ ರಾತ್ರಿಗಳನ್ನು ಕುಣಿತದಲ್ಲಿ ಕಳೆಯುತ್ತಾರೆ.

ಇಂತಹ ದುಡಿಮೆಯಲ್ಲಿರುವವರ ಪಾದದಲ್ಲಿ ನೋವು ಕಾಣಿಸಿಕೊಂಡು ತಿಂಗಳುಗಟ್ಟಲೆ ಉಳಿದಾಗ, ಕುಟುಂಬದ ಆದಾಯಕ್ಕೂ ಪೆಟ್ಟು ಬೀಳುತ್ತದೆ. ಎಕ್ಸ್-ರೇ, ರಕ್ತಪರೀಕ್ಷೆ ಮಾಡಿಸಿದ ನಂತರವೂ "ವರದಿಯಲ್ಲಿ ಏನೂ ಇಲ್ಲ" ಎಂಬ ಉತ್ತರ ಬಂದರೆ ರೋಗಿಯ ಸಂಕಟ ಇಮ್ಮಡಿಯಾಗುತ್ತದೆ. ಕೆಲವರು ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಒಬ್ಬ ವೈದ್ಯರಿಂದ ಮತ್ತೊಬ್ಬರಲ್ಲಿಗೆ ಅಲೆದು ಸಾಲಗಾರರಾಗುತ್ತಾರೆ. ಈ ಎರಡೂ ದಾರಿಗಳಿಂದ ಹಾನಿಯುಂಟು. ಕಾಯಿಲೆಗೆ ಹೆಸರು ದೊರೆಯುವವರೆಗೆ ಕಾಯಬೇಕಾಗಿ ಬಂದರೂ, ಅಪಾಯವನ್ನು ತಳ್ಳಿಹಾಕುವುದು, ಪಾದವನ್ನು ರಕ್ಷಿಸುವುದು ಮತ್ತು ನೋವಿನ ದಾಖಲೆ ಇಡುವುದು ಎಂಬ ಮೂರು ಕೆಲಸಗಳನ್ನು ಮೊದಲ ದಿನದಿಂದಲೇ ಮಾಡಬಹುದಾಗಿದೆ.

ದೀರ್ಘಕಾಲದ ನೋವು ಎಂದರೇನು?

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎಂದು ಪರಿಗಣಿಸಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ರೋಗ ವರ್ಗೀಕರಣದ 11ನೆಯ ಆವೃತ್ತಿಯು 2019ರಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಈ ಆವೃತ್ತಿಯಲ್ಲಿ ದೀರ್ಘಕಾಲದ ನೋವಿಗೆ ಪ್ರತ್ಯೇಕ ಸ್ಥಾನ ನೀಡಲಾಗಿದ್ದು, ಬೇರೆ ಕಾಯಿಲೆಯಿಂದ ವಿವರಿಸಲಾಗದ ನೋವನ್ನೂ ಸ್ವತಂತ್ರ ಆರೋಗ್ಯ ಸಮಸ್ಯೆಯೆಂದು ಗುರುತಿಸಲಾಗಿದೆ. ಆದ್ದರಿಂದ ಪರೀಕ್ಷೆಯಲ್ಲಿ ಕಾರಣ ಕಾಣಲಿಲ್ಲವೆಂಬ ಮಾತ್ರಕ್ಕೆ ನೋವು ಸುಳ್ಳೆಂದಾಗಲಿ, ಕೆಲಸ ತಪ್ಪಿಸುವ ನೆಪವೆಂದಾಗಲಿ ಭಾವಿಸುವುದು ಸರಿಯಲ್ಲ.

ಕಾರಣ ಖಚಿತವಾಗದಿರುವುದೇಕೆ?

ಒಂದು ಪಾದದಲ್ಲಿ 26 ಮೂಳೆಗಳೂ 30ಕ್ಕೂ ಹೆಚ್ಚು ಕೀಲುಗಳೂ ಇವೆ. ಮೂಳೆ, ಕೀಲು, ಸ್ನಾಯುರಜ್ಜು, ನರ, ರಕ್ತನಾಳ, ಚರ್ಮ ಇವುಗಳಲ್ಲಿ ಯಾವುದರಿಂದಲಾದರೂ ನೋವು ಹುಟ್ಟಬಹುದು. ಸೊಂಟದ ನರದ ಮೇಲಿನ ಒತ್ತಡವೂ ಪಾದದಲ್ಲಿ ನೋವಾಗಿ ಕಾಣಿಸಬಹುದು. ಇದಲ್ಲದೆ ಪರೀಕ್ಷೆಗಳಿಗೂ ತಮ್ಮದೇ ಆದ ಮಿತಿಗಳಿವೆ.

1. ನಿರಂತರ ಒತ್ತಡದಿಂದ ಮೂಳೆಯಲ್ಲಿ ಉಂಟಾಗುವ ಸಣ್ಣ ಬಿರುಕು ಮೊದಲ ಎರಡು ಮೂರು ವಾರಗಳ ಎಕ್ಸ್-ರೇಯಲ್ಲಿ ಕಾಣದೇ ಇರಬಹುದು.
2. ಗೌಟ್ ಕಾಯಿಲೆಯ ನೋವು ಉಲ್ಬಣಿಸಿರುವ ದಿನಗಳಲ್ಲಿಯೇ ರಕ್ತದ ಯೂರಿಕ್ ಆಮ್ಲದ ಪ್ರಮಾಣ ಸಹಜವಾಗಿರಬಹುದು.
3. ನರಗಳ ವಹನ ಪರೀಕ್ಷೆಯು ದಪ್ಪ ನರತಂತುಗಳನ್ನು ಮಾತ್ರ ಅಳೆಯುತ್ತದೆ. ಉರಿ, ಚುಚ್ಚುವಿಕೆ ಉಂಟುಮಾಡುವ ಸಣ್ಣ ನರತಂತುಗಳ ತೊಂದರೆ ಇದ್ದರೂ ವರದಿ ಸಹಜವೆಂದು ಬರಬಹುದು.
4. ಇದಕ್ಕೆ ವಿರುದ್ಧವಾಗಿ, ಹಿಮ್ಮಡಿಯ ಎಕ್ಸ್-ರೇಯಲ್ಲಿ ಕಾಣುವ ಮೂಳೆಯ ಮುಳ್ಳು ನೋವಿಲ್ಲದ ಅನೇಕರಲ್ಲಿಯೂ ಇರುತ್ತದೆ. ಅದು ಕಂಡಿತೆಂದ ಮಾತ್ರಕ್ಕೆ ಅದೇ ನೋವಿನ ಕಾರಣವೆಂದು ತೀರ್ಮಾನಿಸಲಾಗದು.
5. ಉಳುಕು ಅಥವಾ ಮೂಳೆಮುರಿತದ ನಂತರ ಪಾದದಲ್ಲಿ ಅತಿಯಾದ ಉರಿ, ಊತ, ಬಣ್ಣ ಮತ್ತು ಶಾಖದ ವ್ಯತ್ಯಾಸ ಉಳಿಯುವ ಸಂಕೀರ್ಣ ಪ್ರಾದೇಶಿಕ ನೋವಿನ ಸಮಸ್ಯೆಯನ್ನು ಖಚಿತಪಡಿಸಲು ಯಾವುದೇ ಒಂದು ಪ್ರಯೋಗಾಲಯ ಪರೀಕ್ಷೆ ಇಲ್ಲ. ವೈದ್ಯರು ಲಕ್ಷಣಗಳನ್ನು ಕಣ್ಣಾರೆ ನೋಡಿ ನಿರ್ಧರಿಸಬೇಕಾಗುತ್ತದೆ.

ಈ ಭಾಗದಲ್ಲಿ ವಿಶೇಷವಾಗಿ ಗಮನಿಸಬೇಕಾದ ಕಾರಣಗಳು

ಅ) ಅಂಗಾಲಿನ ತಂತುಪಟ್ಟಿಯ ತೊಂದರೆ: ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಕೆಲವು ಹೆಜ್ಜೆಗಳಲ್ಲಿ ಹಿಮ್ಮಡಿ ತೀವ್ರವಾಗಿ ನೋಯುವುದು ಇದರ ಮುಖ್ಯ ಲಕ್ಷಣ. ಹೆಚ್ಚಿನವರಲ್ಲಿ ಇದು ವ್ಯಾಯಾಮ ಹಾಗೂ ಸೂಕ್ತ ಪಾದರಕ್ಷೆಯಿಂದ ಶಮನವಾಗುತ್ತದೆ. ಆದರೆ ಅದಕ್ಕೆ ಹಲವು ತಿಂಗಳುಗಳು ಬೇಕಾಗುತ್ತವೆ.

ಆ) ಮಧುಮೇಹದ ನರದೋಷ: ಎರಡೂ ಪಾದಗಳಲ್ಲಿ ಬೆರಳ ತುದಿಯಿಂದ ಆರಂಭವಾಗುವ ಉರಿ, ಜೋಮು, ರಾತ್ರಿ ಹೆಚ್ಚುವ ನೋವು ಇದರ ಲಕ್ಷಣಗಳು. ವಿಟಮಿನ್ ಬಿ-12 ಕೊರತೆಯಿಂದಲೂ ಇದೇ ರೀತಿಯ ತೊಂದರೆ ಉಂಟಾಗುತ್ತದೆ. ದೀರ್ಘಕಾಲ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುವವರಲ್ಲಿ ಈ ಕೊರತೆ ಉಂಟಾಗಬಹುದಾದ್ದರಿಂದ ಮಧುಮೇಹಿಗಳಲ್ಲಿ ಎರಡನ್ನೂ ಪರಿಶೀಲಿಸಬೇಕಾಗುತ್ತದೆ.

ಇ) ಚಿಕೂನ್‌ಗುನ್ಯಾ ನಂತರದ ಕೀಲುನೋವು: 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ವರದಿಯಾಗಿದ್ದು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವಾಗಿದ್ದವು. 2008ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಈ ಜ್ವರದ ದೊಡ್ಡ ಹಾವಳಿಗೆ ತುತ್ತಾಯಿತು. ಜ್ವರ ಕೆಲವೇ ದಿನಗಳಲ್ಲಿ ಇಳಿದರೂ ಕಣಕಾಲು, ಪಾದ ಹಾಗೂ ಕೈಬೆರಳುಗಳ ಕೀಲುನೋವು ಅನೇಕರಲ್ಲಿ ತಿಂಗಳುಗಳ ಕಾಲ, ಕೆಲವರಲ್ಲಿ ವರ್ಷಗಳ ಕಾಲ ಉಳಿಯಿತು. ಈ ನೋವು ಸಂಧಿವಾತವನ್ನೇ ಹೋಲುವುದರಿಂದ, ನೋವು ಆರಂಭವಾಗುವ ಮುನ್ನ ಜ್ವರ ಬಂದಿತ್ತೇ ಎಂಬುದನ್ನು ರೋಗಿಯು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಈ) ತಂಬಾಕಿನಿಂದ ರಕ್ತನಾಳಗಳ ಕಟ್ಟುವಿಕೆ: ಬೀಡಿ ಅಥವಾ ಸಿಗರೇಟು ಸೇದುವ, ಇತರ ರೂಪದಲ್ಲಿ ತಂಬಾಕು ಬಳಸುವ ಯುವ ಹಾಗೂ ಮಧ್ಯವಯಸ್ಕರಲ್ಲಿ ಬರ್ಗರ್ ಕಾಯಿಲೆ ಕಂಡುಬರುತ್ತದೆ. ಸ್ವಲ್ಪ ದೂರ ನಡೆದರೆ ಪಾದದ ಕಮಾನಿನಲ್ಲಿ ಅಥವಾ ಮೀನಖಂಡದಲ್ಲಿ ನೋವು ಬಂದು, ನಿಂತರೆ ಕಡಿಮೆಯಾಗುವುದು ಇದರ ಆರಂಭದ ಸೂಚನೆ. ಇದನ್ನು ಹಿಮ್ಮಡಿ ನೋವೆಂದು ಬಗೆದು ತೈಲ ಹಚ್ಚುತ್ತಾ ಕಾಲ ಕಳೆದರೆ ಬೆರಳು ಕಪ್ಪಾಗಿ ಕತ್ತರಿಸಬೇಕಾಗಬಹುದು. ತಂಬಾಕನ್ನು ಸಂಪೂರ್ಣವಾಗಿ ತ್ಯಜಿಸುವುದೇ ಇದರ ಮುಖ್ಯ ಚಿಕಿತ್ಸೆ.

ಉ) ಕುಷ್ಠರೋಗ: ಭಾರತವು 2005ರ ಡಿಸೆಂಬರ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಕುಷ್ಠರೋಗ ನಿವಾರಣೆಯ ಗುರಿಯನ್ನು ತಲುಪಿತಾದರೂ ಹೊಸ ಪ್ರಕರಣಗಳು ಈಗಲೂ ಪತ್ತೆಯಾಗುತ್ತಿವೆ. ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ, ಚಪ್ಪಲಿ ಕಳಚಿಬಿದ್ದರೂ ಅರಿವಾಗದಿರುವುದು, ಮುಂಗಾಲು ಮೇಲೆತ್ತಲಾಗದಿರುವುದು ಕಂಡುಬಂದಲ್ಲಿ ಸಂಕೋಚಪಡದೆ ಪರೀಕ್ಷಿಸಿಕೊಳ್ಳಬೇಕು. ಬಹುಔಷಧಿ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಊ) ಆನೆಕಾಲು ರೋಗ: ಕರಾವಳಿಯಲ್ಲಿ ಹಿಂದಿನಿಂದಲೂ ಕಂಡುಬಂದಿರುವ ಈ ರೋಗದಲ್ಲಿ ಕಾಲಿನ ಭಾರ, ಊತ ಮತ್ತು ಆಗಾಗ ಜ್ವರದೊಂದಿಗೆ ಕೆಂಪಾಗುವಿಕೆ ಇರುತ್ತದೆ. ಇದರ ರೋಗಾಣುಗಳು ರಾತ್ರಿಯ ವೇಳೆ ರಕ್ತದಲ್ಲಿ ಹೆಚ್ಚಾಗಿ ಕಾಣಿಸುವುದರಿಂದ ರಕ್ತಲೇಪನವನ್ನು ರಾತ್ರಿ ಪಡೆಯಲಾಗುತ್ತದೆ.

ಹಂದಿಗೋಡು ಕಾಯಿಲೆಯಿಂದ ತಿಳಿಯುವ ವಿಷಯ

ಕಾರಣ ತಿಳಿಯುವುದಕ್ಕೆ ಎಷ್ಟು ಕಾಲ ಹಿಡಿಯಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಸೊಂಟ ಮತ್ತು ಮೊಣಕಾಲಿನ ಕೀಲುಗಳನ್ನು ಬಾಧಿಸುವ ಕಾಯಿಲೆಯೊಂದು ಬೆಳಕಿಗೆ ಬಂದಿತು. ಆಹಾರ, ಗದ್ದೆಯ ಕೀಟನಾಶಕ, ಏಡಿಯ ಸೇವನೆ ಹೀಗೆ ಬೇರೆ ಬೇರೆ ಊಹೆಗಳು ಮುಂದಿಡಲ್ಪಟ್ಟವು. ವರ್ಷಗಳ ಅಧ್ಯಯನದ ನಂತರ ಇದು ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ ಆನುವಂಶಿಕ ತೊಂದರೆಯೆಂಬ ಅಭಿಪ್ರಾಯ ಬಲಗೊಂಡಿತು. ಇದು ಪಾದದ ಕಾಯಿಲೆಯಲ್ಲ. ದಕ್ಷಿಣ ಕನ್ನಡದ ಪಾದನೋವಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಕಾರಣದ ಬಗ್ಗೆ ಚರ್ಚೆ ನಡೆಯುತ್ತಿದ್ದ ಆ ವರ್ಷಗಳಲ್ಲಿಯೂ ಅಲ್ಲಿನ ಜನರು ನಡೆಯಬೇಕಾಗಿತ್ತು, ದುಡಿಯಬೇಕಾಗಿತ್ತು. ಹೆಸರು ನಿರ್ಧಾರವಾದ ಮೇಲೆಯೇ ಆರೈಕೆ ಎಂಬ ನಿಯಮ ಎಲ್ಲಿಯೂ ನಡೆಯುವುದಿಲ್ಲ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಕೆಳಕಂಡ ಯಾವುದೇ ಸೂಚನೆ ಕಂಡುಬಂದಲ್ಲಿ ಕಾಯುವುದು ಅಪಾಯಕರ.

1. ಪಾದವು ಹಠಾತ್ತನೆ ತಣ್ಣಗಾಗಿ, ಬಿಳಿಚಿಕೊಂಡು ಅಥವಾ ನೀಲಿಯಾಗಿ ತೀವ್ರ ನೋವು ಬರುವುದು. ಇದು ರಕ್ತಸಂಚಾರ ನಿಂತಿರುವ ಸೂಚನೆಯಾಗಿದ್ದು, ಗಂಟೆಗಳೊಳಗೆ ಚಿಕಿತ್ಸೆ ದೊರೆಯಬೇಕು.
2. ಬೆರಳು ಕಪ್ಪಾಗುವುದು, ಮಾಯದ ಹುಣ್ಣು, ದುರ್ವಾಸನೆಯ ಕೀವು.
3. ಮಧುಮೇಹಿಗಳ ಪಾದವು ನೋವು ಕಡಿಮೆಯಿದ್ದರೂ ಬಿಸಿಯಾಗಿ, ಕೆಂಪಾಗಿ ಊದಿಕೊಳ್ಳುವುದು. ಮೂಳೆಗಳು ಒಳಗೇ ಕುಸಿಯುತ್ತಿರುವ ಸಾಧ್ಯತೆ ಇರುತ್ತದೆ.
4. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುವುದು. ಅದರೊಂದಿಗೆ ಉಸಿರಾಟದ ತೊಂದರೆ.
5. ಪೆಟ್ಟು ಬಿದ್ದ ನಂತರ ನಾಲ್ಕು ಹೆಜ್ಜೆಯನ್ನೂ ಇಡಲಾಗದಿರುವುದು.
6. ಕಾಲಿನ ಬಲ ಕುಂದುವುದು, ತೊಡೆಯ ಸಂದಿನಲ್ಲಿ ಮರಗಟ್ಟುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು.
7. ವಿಶ್ರಾಂತಿಯಲ್ಲಿಯೂ ರಾತ್ರಿಯೂ ಬಿಡದ ನೋವಿನೊಂದಿಗೆ ಜ್ವರ ಅಥವಾ ತೂಕ ಇಳಿಯುವುದು.

ತುರ್ತು ಸಂದರ್ಭದಲ್ಲಿ 108 ಆಂಬುಲೆನ್ಸ್ ಸೇವೆಯನ್ನು ಪಡೆಯಬಹುದಾಗಿದೆ.

ಪರೀಕ್ಷೆಗಳ ಕ್ರಮ

ಮೊದಲ ಪರೀಕ್ಷೆ ಕೈಯಿಂದ ನಡೆಯಬೇಕು. ಎರಡೂ ಪಾದಗಳನ್ನು ಬರಿಗಾಲಿನಲ್ಲಿ ನೋಡುವುದು, ನಡಿಗೆಯನ್ನು ಗಮನಿಸುವುದು, ಪಾದದ ಮೇಲ್ಭಾಗ ಹಾಗೂ ಕಣಕಾಲಿನ ಒಳಬದಿಯ ನಾಡಿಯನ್ನು ಮುಟ್ಟಿ ನೋಡುವುದು, 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಸ್ಪರ್ಶಜ್ಞಾನವನ್ನು ಪರಿಶೀಲಿಸುವುದು ಇವು ಕೆಲವೇ ನಿಮಿಷಗಳ ಕೆಲಸ. ನಂತರ ವೈದ್ಯರ ಸಲಹೆಯಂತೆ ರಕ್ತದ ಸಕ್ಕರೆ, ಥೈರಾಯಿಡ್, ಬಿ-12, ಯೂರಿಕ್ ಆಮ್ಲ, ಮೂತ್ರಪಿಂಡದ ಕಾರ್ಯ, ಉರಿಯೂತದ ಪರೀಕ್ಷೆಗಳು ಮತ್ತು ನಿಂತ ಭಂಗಿಯಲ್ಲಿ ತೆಗೆದ ಎಕ್ಸ್-ರೇ ಸಾಮಾನ್ಯವಾಗಿ ಸಾಕಾಗುತ್ತವೆ.

ಎಂ.ಆರ್.ಐ. ಮುಂತಾದ ದುಬಾರಿ ಪರೀಕ್ಷೆಗೆ ಒಪ್ಪುವ ಮುನ್ನ "ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದೇ?" ಎಂದು ವೈದ್ಯರನ್ನು ಕೇಳುವ ಹಕ್ಕು ರೋಗಿಗೆ ಇದೆ. ಬದಲಾಗುವುದಾದರೆ ಪರೀಕ್ಷೆ ಉಪಯುಕ್ತ. ಹಳೆಯ ವರದಿಗಳನ್ನು ದಿನಾಂಕವಾರು ಜೋಡಿಸಿ ಒಂದೇ ಕಡತದಲ್ಲಿ ಇಟ್ಟುಕೊಂಡಲ್ಲಿ ಅದೇ ಪರೀಕ್ಷೆಗೆ ಎರಡನೆಯ ಬಾರಿ ಹಣ ತೆರುವುದು ತಪ್ಪುತ್ತದೆ. ಸಾಧ್ಯವಾದಷ್ಟೂ ಒಬ್ಬ ವೈದ್ಯರ ನಿಗಾದಲ್ಲಿದ್ದು, ಅವರ ಮೂಲಕವೇ ತಜ್ಞರಲ್ಲಿಗೆ ಹೋಗುವುದು ಉತ್ತಮ. ಆರಂಭದಲ್ಲಿ ಕಾಣದ ಕಾರಣವು ಆರು ತಿಂಗಳ ನಂತರ ಸ್ಪಷ್ಟವಾಗುವುದುಂಟು. ಆದುದರಿಂದ ಮರುಪರಿಶೀಲನೆಯ ದಿನಾಂಕವನ್ನು ಮುಂಚಿತವಾಗಿಯೇ ಗೊತ್ತುಪಡಿಸಿಕೊಳ್ಳಬೇಕು.

ನೋವಿನ ದಿನವಹಿ

ಮನೆಯ ಜಮಾಖರ್ಚಿನಂತೆ ನೋವಿನ ಲೆಕ್ಕವನ್ನೂ ಒಂದು ಸಾಮಾನ್ಯ ನೋಟ್‌ಪುಸ್ತಕದಲ್ಲಿ ಬರೆದಿಡಬಹುದು. ದಿನಕ್ಕೆ ಒಂದೇ ಸಾಲು ಸಾಕು. ಕೆಳಕಂಡ ಅಂಶಗಳನ್ನು ನಮೂದಿಸುವುದು.

1. ದಿನಾಂಕ ಮತ್ತು ನೋವಿನ ಪ್ರಮಾಣ (ನೋವಿಲ್ಲದಿದ್ದರೆ 0, ಸಹಿಸಲಸಾಧ್ಯವಾದರೆ 10)
2. ನೋವಿನ ಸ್ಥಳ: ಹಿಮ್ಮಡಿ, ಕಮಾನು, ಬೆರಳು, ಕಣಕಾಲು; ಒಂದು ಪಾದವೋ ಎರಡೋ
3. ನೋವಿನ ಬಗೆ: ಉರಿ, ಚುಚ್ಚುವಿಕೆ, ಜೋಮು, ಸೆಳೆತ, ಭಾರ
4. ಸಮಯ: ಬೆಳಗಿನ ಮೊದಲ ಹೆಜ್ಜೆ, ನಡೆದ ನಂತರ, ರಾತ್ರಿ
5. ಅಂದಿನ ಕೆಲಸ ಮತ್ತು ಧರಿಸಿದ ಪಾದರಕ್ಷೆ
6. ಸೇವಿಸಿದ ಔಷಧ ಮತ್ತು ಅದರಿಂದಾದ ಪರಿಣಾಮ

ನಾಲ್ಕು ವಾರಗಳ ಇಂತಹ ದಾಖಲೆಯು ವೈದ್ಯರಿಗೆ ಹಲವು ಬಾರಿ ಒಂದು ಪರೀಕ್ಷೆಯಷ್ಟೇ ಮಾಹಿತಿ ನೀಡುತ್ತದೆ. ಬರೆಯಲು ಬಾರದವರಿಗೆ ಮನೆಯ ಮಕ್ಕಳು ನೆರವಾಗಬಹುದು. ನೋವು ಪೂರ್ಣ ಹೋಗದಿದ್ದರೂ ಒಟ್ಟಿನಲ್ಲಿ ಕಡಿಮೆಯಾಗುತ್ತಿದೆಯೇ, ಹೆಚ್ಚುತ್ತಿದೆಯೇ ಎಂಬುದೂ ಇದರಿಂದ ತಿಳಿಯುತ್ತದೆ.

ದಿನನಿತ್ಯದ ಆರೈಕೆ

1. ಪ್ರತಿ ರಾತ್ರಿ ಪಾದಗಳನ್ನು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಅಂಗಾಲನ್ನು ಬೆಳಕಿನಲ್ಲಿ ನೋಡಬೇಕು. ಬಗ್ಗಲಾಗದವರು ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಬಹುದು. ಮಳೆಗಾಲದಲ್ಲಿ ಪಾದಗಳು ದಿನವಿಡೀ ಒದ್ದೆಯಾಗಿರುವುದರಿಂದ ಬೆರಳ ಸಂದಿನ ಶಿಲೀಂಧ್ರ ಮತ್ತು ಬಿರುಕುಗಳ ಮೂಲಕ ಸೋಂಕು ಸೇರುವ ಸಂಭವ ಹೆಚ್ಚು.
2. ಸ್ಪರ್ಶಜ್ಞಾನ ಕುಂದಿದವರು ಬಿಸಿನೀರಿನ ಶಾಖ, ಬಿಸಿ ಎಣ್ಣೆ, ಒಲೆಯ ಬಿಸಿಗಳನ್ನು ಪಾದಕ್ಕೆ ನೀಡಬಾರದು. ಬಚ್ಚಲ ಹಂಡೆಯ ನೀರಿನ ಬಿಸಿಯನ್ನು ಮೊಣಕೈಯಿಂದ ಪರೀಕ್ಷಿಸಿದ ನಂತರವೇ ಸ್ನಾನ ಮಾಡಬೇಕು. ಪಾದಕ್ಕೆ ಅರಿವಾಗದ ಸುಟ್ಟಗಾಯವು ಮಾಯಲು ತಿಂಗಳುಗಳು ಹಿಡಿಯುತ್ತವೆ.
3. ತೆಳುವಾಗಿ ಸವೆದ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿಗೆ ಪಟ್ಟಿಯಿರುವ, ಮೆತ್ತನೆಯ ಅಡಿಯಿರುವ ಪಾದರಕ್ಷೆ ಬಳಸಬೇಕು. ಸಂಜೆಯ ವೇಳೆ ಪಾದ ಸ್ವಲ್ಪ ಊದಿಕೊಂಡಿರುವುದರಿಂದ ಆಗ ಅಳತೆ ನೋಡಿ ಕೊಳ್ಳುವುದು ಸೂಕ್ತ. ಮನೆಯೊಳಗೆ ಬರಿಗಾಲಿನಲ್ಲಿರುವ ರೂಢಿಯಿರುವವರು ಒಳಗೆ ಬಳಸಲು ಪ್ರತ್ಯೇಕ ಜೋಡಿಯನ್ನು ಇಟ್ಟುಕೊಳ್ಳಬಹುದು.
4. ಬೀಡಿ ಕಟ್ಟುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಕಾಲು ನೀಡಿ ಪಾದವನ್ನು ಮೇಲಕ್ಕೆ ಕೆಳಕ್ಕೆ ಆಡಿಸುವುದು ಒಳ್ಳೆಯದು. ದಿನವಿಡೀ ನಿಂತು ದುಡಿಯುವವರು ಬಿಡುವಿನಲ್ಲಿ ಕುಳಿತು ಕಾಲನ್ನು ಎತ್ತರದಲ್ಲಿ ಇರಿಸಬೇಕು.
5. ಮೀನಖಂಡ ಮತ್ತು ಅಂಗಾಲನ್ನು ಹಿಗ್ಗಿಸುವ ವ್ಯಾಯಾಮವನ್ನು ಫಿಸಿಯೋಥೆರಪಿ ತಜ್ಞರಿಂದ ಕಲಿತು ಪ್ರತಿದಿನ ಮಾಡಬೇಕು. ನೋವಿಗೆ ಹೆದರಿ ಪೂರ್ಣವಾಗಿ ಮಲಗುವುದರಿಂದ ಸ್ನಾಯುಗಳು ಕೃಶವಾಗುತ್ತವೆ. ನೋವಿಲ್ಲದ ದಿನ ಎಲ್ಲ ಕೆಲಸವನ್ನೂ ಒಮ್ಮೆಗೇ ಮುಗಿಸುವುದರಿಂದ ಮರುದಿನ ನೋವು ಉಲ್ಬಣಿಸುತ್ತದೆ. ಪ್ರತಿದಿನವೂ ಮಿತವಾದ ಒಂದೇ ಪ್ರಮಾಣದ ಕೆಲಸವೇ ಹಿತಕರ.
6. ಶಿವರಾತ್ರಿಯ ವೇಳೆ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ತೆರಳುವ ಯಾತ್ರಿಕರಲ್ಲಿ ಪಾದನೋವು ಇರುವವರು, ವಿಶೇಷವಾಗಿ ಮಧುಮೇಹಿಗಳು, ಮುಂಚಿತವಾಗಿ ವೈದ್ಯರನ್ನು ಕಾಣುವುದು ಹಾಗೂ ಬರಿಗಾಲಿನಲ್ಲಿ ದೂರ ನಡೆಯದಿರುವುದು ಕ್ಷೇಮ.

ಔಷಧಗಳ ಬಗ್ಗೆ ಎಚ್ಚರಿಕೆ

ನೋವು ನಿವಾರಕ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಸೇವಿಸಿದಲ್ಲಿ ಜಠರದ ಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡದ ಏರಿಕೆ ಉಂಟಾಗಬಹುದು. ಹೆಸರು, ಅಂಶಗಳ ವಿವರ ಇಲ್ಲದ ಪುಡಿ ಮತ್ತು ಗುಳಿಗೆಗಳಲ್ಲಿ ಸ್ಟೀರಾಯಿಡ್ ಬೆರೆತಿರುವ ಸಂಭವವಿದೆ. ಒಂದೆರಡು ದಿನಗಳಲ್ಲಿ ನೋವು ಮಾಯವಾದಂತೆ ತೋರಿದರೂ ಸಕ್ಕರೆ ಪ್ರಮಾಣ ಏರಿ, ಮೂಳೆ ಶಿಥಿಲವಾಗುತ್ತದೆ. ಹಿಮ್ಮಡಿಗೆ ಪದೇಪದೇ ಸ್ಟೀರಾಯಿಡ್ ಚುಚ್ಚುಮದ್ದು ಪಡೆಯುವುದರಿಂದ ಅಲ್ಲಿನ ಕೊಬ್ಬಿನ ಮೆತ್ತೆ ಕರಗುವ ಹಾಗೂ ತಂತುಪಟ್ಟಿ ಹರಿಯುವ ಅಪಾಯವಿದೆ.

ನರಸಂಬಂಧಿ ನೋವಿಗೆ ಸಾಮಾನ್ಯ ನೋವು ನಿವಾರಕಗಳು ಹೆಚ್ಚು ಉಪಯೋಗವಾಗುವುದಿಲ್ಲ. ಅದಕ್ಕೆ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡ್ಯುಲೋಕ್ಸೆಟಿನ್ ಮುಂತಾದ ಔಷಧಗಳನ್ನು ವೈದ್ಯರು ನೀಡುತ್ತಾರೆ. ಇವುಗಳಲ್ಲಿ ಕೆಲವು ಮಾನಸಿಕ ಖಿನ್ನತೆ ಅಥವಾ ಮೂರ್ಛೆರೋಗಕ್ಕೂ ಬಳಕೆಯಾಗುವುದರಿಂದ, ಚೀಟಿ ಓದಿ ಗಾಬರಿಗೊಂಡು ನಿಲ್ಲಿಸುವವರಿದ್ದಾರೆ. ಇವು ನರಗಳ ಅತಿಸಂವೇದನೆಯನ್ನು ತಗ್ಗಿಸಲು ಕೊಡುವ ಔಷಧಗಳಾಗಿದ್ದು, ಪರಿಣಾಮ ತಿಳಿಯಲು ಕೆಲವು ವಾರಗಳು ಬೇಕು, ಹಠಾತ್ತನೆ ನಿಲ್ಲಿಸಬಾರದು.

ಮನಸ್ಸು ಮತ್ತು ಕುಟುಂಬ

ನಿದ್ರೆಯಿಲ್ಲದ ರಾತ್ರಿಗಳು, ಆದಾಯದ ಚಿಂತೆ ಹಾಗೂ "ಎಲ್ಲವೂ ಸರಿಯಿದೆಯಲ್ಲ" ಎಂಬ ಮಾತುಗಳು ರೋಗಿಯನ್ನು ಕುಗ್ಗಿಸುತ್ತವೆ. ಬೇಸರ ಮತ್ತು ನಿದ್ರಾಹೀನತೆಗೆ ಚಿಕಿತ್ಸೆ ಪಡೆದರೆ ನೋವನ್ನು ತಾಳುವ ಶಕ್ತಿಯೂ ಹೆಚ್ಚುತ್ತದೆ. ಇದರರ್ಥ ನೋವು ಮನಸ್ಸಿನ ಕಲ್ಪನೆ ಎಂದಲ್ಲ. ಕುಟುಂಬದವರು ನೋವಿಗೆ ಸಾಕ್ಷ್ಯ ಕೇಳುವುದಕ್ಕಿಂತ, ನೀರು ಹೊರುವುದು, ಮೆಟ್ಟಿಲು ಹತ್ತುವುದು, ಸೊಪ್ಪು ತರುವುದು ಮುಂತಾದ ಭಾರದ ಕೆಲಸಗಳನ್ನು ಹಂಚಿಕೊಂಡು, ಕುಳಿತು ಮಾಡಬಹುದಾದ ಕೆಲಸಗಳನ್ನು ರೋಗಿಗೆ ಬಿಡುವುದು ಹೆಚ್ಚು ನೆರವಾಗುತ್ತದೆ. ಮಾನಸಿಕ ಆರೋಗ್ಯದ ಸಲಹೆಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ, ತಂಬಾಕು ತ್ಯಜಿಸುವ ಸಲಹೆಗಾಗಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದಾಗಿದೆ.

ಲಭ್ಯವಿರುವ ಸೌಲಭ್ಯಗಳು

1. ಮೊದಲ ಹಂತದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು, ನಂತರ ಬಂಟ್ವಾಳ ಮತ್ತು ಬೆಳ್ತಂಗಡಿಯ ತಾಲ್ಲೂಕು ಆಸ್ಪತ್ರೆಗಳನ್ನು ಹಾಗೂ ಮೂಡುಬಿದಿರೆಯ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ತಜ್ಞರ ಪರಿಶೀಲನೆ ಅಗತ್ಯವಾದಲ್ಲಿ 1848ರಲ್ಲಿ ಸ್ಥಾಪಿತವಾದ ಮಂಗಳೂರಿನ ಜಿಲ್ಲಾ ವೆನ್ಲಾಕ್ ಆಸ್ಪತ್ರೆಗೆ ಶಿಫಾರಸು ಪಡೆಯಬಹುದು.
2. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ನೆರವು ಇದೆ. ಇದು ಮುಖ್ಯವಾಗಿ ನಿಗದಿತ ಒಳರೋಗಿ ಚಿಕಿತ್ಸೆಗಳಿಗೆ ಅನ್ವಯಿಸುವುದರಿಂದ, ಹೊರರೋಗಿಯಾಗಿ ಖಾಸಗಿಯಲ್ಲಿ ಮಾಡಿಸಿದ ಪರೀಕ್ಷೆಗಳ ವೆಚ್ಚ ಮರಳಿ ಬರುವುದೆಂದು ಭಾವಿಸಬಾರದು.
3. ಬೀಡಿ ಕಾರ್ಮಿಕರ ಗುರುತಿನ ಚೀಟಿ ಹೊಂದಿದವರು ಕೇಂದ್ರ ಕಾರ್ಮಿಕ ಕಲ್ಯಾಣ ಸಂಘಟನೆಯ ಚಿಕಿತ್ಸಾಲಯಗಳಲ್ಲಿಯೂ, ಇ.ಎಸ್.ಐ. ವ್ಯಾಪ್ತಿಯ ಕಾರ್ಖಾನೆ ಕಾರ್ಮಿಕರು ಇ.ಎಸ್.ಐ. ಚಿಕಿತ್ಸಾಲಯಗಳಲ್ಲಿಯೂ ಸೇವೆ ಪಡೆಯಬಹುದು.
4. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ 21 ಬಗೆಯ ವಿಕಲತೆಗಳನ್ನು ಗುರುತಿಸಲಾಗಿದೆ. ದೀರ್ಘಕಾಲದ ನೋವು ಪ್ರತ್ಯೇಕ ವಿಭಾಗವಾಗಿ ಇದರಲ್ಲಿ ಇಲ್ಲ. ಆದರೆ ಕಾಯಿಲೆಯಿಂದ ಕಾಲಿನ ಚಲನೆ, ಬಲ ಕುಂದಿದ್ದಲ್ಲಿ ಚಲನಾಂಗ ವಿಕಲತೆಯ ಅಡಿ ವೈದ್ಯಕೀಯ ಪ್ರಾಧಿಕಾರವು ಪರಿಶೀಲಿಸುತ್ತದೆ. ಅನೇಕ ಸೌಲಭ್ಯಗಳಿಗೆ ಕನಿಷ್ಠ ಶೇ. 40ರ ಪ್ರಮಾಣ ಅಗತ್ಯ. ಇಂತಹ ಸಂದರ್ಭದಲ್ಲಿ ಚಿಕಿತ್ಸೆಯ ದಾಖಲೆಗಳು ನೆರವಾಗುತ್ತವೆ.

ಕೊನೆಯದಾಗಿ, ಪಾದನೋವಿನ ಕಾರಣ ಇನ್ನೂ ತಿಳಿದಿಲ್ಲವೆಂಬುದು ಚಿಕಿತ್ಸೆಯ ಅಂತ್ಯವಲ್ಲ. ಅಪಾಯದ ಸೂಚನೆಗಳು ಇಲ್ಲವೆಂದು ಖಚಿತಪಡಿಸಿಕೊಂಡು, ಪಾದಕ್ಕೆ ಗಾಯವಾಗದಂತೆ ಕಾಪಾಡಿ, ದಿನವಹಿಯೊಂದಿಗೆ ಗೊತ್ತಾದ ದಿನಾಂಕದಂದು ಮತ್ತೆ ಪರೀಕ್ಷೆಗೆ ಹಾಜರಾಗುವ ರೋಗಿಯು, ಕಾಯಿಲೆಯ ಹೆಸರು ತಿಳಿಯುವ ಮೊದಲೇ ತನ್ನ ಕಾಲನ್ನು ಉಳಿಸಿಕೊಂಡಿರುತ್ತಾನೆ. ಸಾರ್ವಜನಿಕರು ಸಮೀಪದ ಸರ್ಕಾರಿ ಆಸ್ಪತ್ರೆಗಳಲ್ಲಿ ಲಭ್ಯವಿರುವ ಸೇವೆಗಳ ಸದುಪಯೋಗ ಪಡೆದುಕೊಳ್ಳುವುದು.